ಭರತ ಹತ್ತಿ ಬರುವ ಏಡಿಮರಿಗಳು

ಪ್ಲಾಂಕ್ಟನ್ ಅಂದರೆ ನೀರು ಎಳೆದತ್ತ ತೇಲಿಹೋಗುವ ಜೀವಿಗಳು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಬೇಕಾದರೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯನ್ನು ನೋಡಬೇಕು.

ಇಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಭರತ, ಅಂದರೆ ಕಡಲಿನ ಉಬ್ಬರ, ಬರುತ್ತದೆ. ನಡುವೆ ಇಳಿತ. ಹೊಳೆಯಂತೂ ಯಾವಾಗಲೂ ಕಡಲಿನ ಕಡೆಗೇ ದೂಡುತ್ತಿರುತ್ತದೆ. ಹಾಗಿದ್ದರೆ ಸುಮಾರು ಒಂದು ಮಿಲಿಮೀಟರ್ ಉದ್ದದ ಕೋಪಿಪಾಡ್ ಎಂಬ ಪ್ಲಾಂಕ್ಟನ್‌ಗಳೆಲ್ಲ ಎಂದೋ ಕೊಚ್ಚಿಹೋಗಬೇಕಿತ್ತಲ್ವಾ?

ಹೋಗುವುದಿಲ್ಲ. ಸೆಳೆತಕ್ಕೆ ಎದುರಾಗಿ ಈಜುವ ಶಕ್ತಿ ಅವುಗಳಿಗಿಲ್ಲ, ನಿಜ. ಆದರೆ ಮೇಲೆ ಕೆಳಗೆ ಈಜಬಲ್ಲವು. ಅಷ್ಟು ಸಾಕು! ತಳದಲ್ಲಿ ನೆಲದ ತಿಕ್ಕಾಟಕ್ಕೆ ನೀರು ನಿಧಾನ, ಮೇಲೆ ಜೋರು. ಮಳೆಗಾಲದ ಹೊಳೆಯಲ್ಲೂ ಮೀನು ಕಲ್ಲಿನ ಸಂದಿಯಲ್ಲಿ ಆರಾಮಾಗಿ ನಿಂತಿರುತ್ತದಲ್ಲ, ಹಾಗೆ ಇಳಿತದ ಹೊತ್ತಿಗೆ ಇವು ತಳ ಸೇರುತ್ತವೆ. ಭರತ ಶುರುವಾದರೆ ಮೇಲೇರುತ್ತವೆ. ರಸ್ತೆ ಬದಿ ನಿಂತವನು ತನ್ನೂರಿನ ಬಸ್ಸು ಬಂದಾಗ ಮಾತ್ರ ಹತ್ತಿದ ಹಾಗೆ. ಬಸ್ಸು ಓಡಿಸುವುದು ಅವನಿಗೆ ಗೊತ್ತಿರಬೇಕಿಲ್ಲ, ಯಾವುದಕ್ಕೆ ಹತ್ತಬೇಕು ಅಂತ ಗೊತ್ತಿದ್ದರೆ ಆಯಿತು. ನೀರಿನ ಒತ್ತಡ, ಉಪ್ಪು, ಕಲಕಾಟ ಏರಿದ್ದು ಇಳಿದದ್ದು ಅವುಗಳ ಮೈಗೆ ತಿಳಿಯುತ್ತದೆ.

ಏಡಿಮರಿಗಳದ್ದು ಉಲ್ಟಾ ಪ್ರಯಾಣ. ಹುಟ್ಟಿದಾಗ ಇಳಿತ ಹತ್ತಿ ಕಡಲಿಗೆ, ಬೆಳೆದ ಮೇಲೆ ಭರತ ಹತ್ತಿ ಮನೆಗೆ. ಅನೇಕ ಫಿಡ್ಲರ್ ಏಡಿಗಳು ಮರಿ ಬಿಡುವುದೇ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ರಾತ್ರಿಯ ದೊಡ್ಡ ಭರತದಲ್ಲಿ. ಆಮೇಲಿನ ಇಳಿತ ಮರಿಗಳನ್ನು ದೂರ ಒಯ್ಯುತ್ತದೆ. ಅಮಾವಾಸ್ಯೆ ಕೆಟ್ಟ ದಿನ ಅಂತ ಸುಮ್ನೆ ಹೆದರುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ ನನಗೆ.

ಈ ಮರಿ ನೋಡಿದರೆ ಏಡಿ ಅನ್ನಿಸುವುದೇ ಇಲ್ಲ. ಬೆನ್ನಿಗೆ ಮುಳ್ಳು, ದಪ್ಪ ಕಣ್ಣು, ಬಾಲ. ಹಿಂದೆ ‘ಜೋಯಿಯಾ’ ಎಂಬ ಬೇರೆ ಪ್ರಾಣಿಯೆಂದೇ ಎಣಿಸಿದ್ದರು. 1820ರ ದಶಕದಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್ ಅದು ಏಡಿಯದೇ ಮರಿ ಎಂದು ತೋರಿಸಿದರು. ಹಲವು ವಿದ್ವಾಂಸರು ಬೇಗ ಒಪ್ಪಲಿಲ್ಲ.

ಜೂನ್ ಬಂತೆಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಳೆಯೆಲ್ಲ ನೇರ ಅಳಿವೆಗೆ ನುಗ್ಗುತ್ತದೆ. ಉಪ್ಪು ತೊಳೆದುಹೋಗುತ್ತದೆ. ಕಡಲಿನಿಂದ ಬಂದಿದ್ದ ಬಾಣಹುಳು ಎಂಬ ತೇಲುವ ಹುಳುಗಳು ಹಿಂದೆ ಸರಿಯುತ್ತವೆ, ರೋಟಿಫರ್ ಎಂಬ ಸಿಹಿನೀರಿನ ತೀರಾ ಸಣ್ಣ ಪ್ರಾಣಿಗಳಿಗೆ ಜಾಗ ಸಿಗುತ್ತದೆ. ಎಲ್ಲ ಸತ್ತವೇ? ಇಲ್ಲ. ಅಕಾರ್ಷಿಯಾ ಕುಲದ ಕೆಲವು ಕೋಪಿಪಾಡ್‌ಗಳ ಮೊಟ್ಟೆ ಕೆಸರಿನಲ್ಲಿ ನಿದ್ದೆ ಮಾಡಬಲ್ಲದು. ಬೇಸಿಗೆಯ ಗದ್ದೆಯಲ್ಲಿ ಹುಲ್ಲಿನ ಬೀಜ ಮಳೆಗೆ ಕಾಯುತ್ತದೆ. ಈ ಮೊಟ್ಟೆ ಕಾಯುವುದು ಮಳೆ ಮುಗಿಯಲಿ ಅಂತ.

ಮಳೆ ನಿಂತ ಮೇಲೆ ಉಪ್ಪು ಮೆಲ್ಲಗೆ ಮೇಲಕ್ಕೆ ಏರುತ್ತದೆ. ಬೇಸಿಗೆಗೆ ಕಡಲಿನ ಜೀವಿಗಳೂ ಜಾಸ್ತಿ ಒಳಬರುತ್ತವೆ. ಹೊಳೆಯಲ್ಲಿ ಆರಿಸುವ ಬಳಚು, ಬಲೆಗೆ ಬೀಳುವ ಸೀಗಡಿ ಕೂಡ ಮರಿಯಾಗಿದ್ದಾಗ ಇದೇ ತೇಲುವ ಗುಂಪಿನಲ್ಲಿದ್ದವು. ಅಘನಾಶಿನಿ ಅಳಿವೆಗೆ ರಾಮ್ಸರ್ ಪಟ್ಟ, ಅಂದರೆ ಜಗತ್ತಿಗೇ ಮುಖ್ಯವಾದ ಜೌಗುನೆಲ ಎಂಬ ಮನ್ನಣೆ, ಸಿಕ್ಕಿದ್ದು 2024ರಲ್ಲಿ ಪ್ರಕಟವಾಯಿತು. ಹಕ್ಕಿ, ಕಾಂಡ್ಲಾ ಕಣ್ಣಿಗೆ ಕಾಣುತ್ತವೆ. ತಳದ ಕೆಸರನ್ನು ಬಗೆದು ಎತ್ತಿದರೆ ಜೊತೆಗೆ ಹೋಗುವ ಮೊಟ್ಟೆಗಳು ಕಾಣುವುದಿಲ್ಲ.