ಮೂರು ದೊಡ್ಡ ಚೆಕ್ಕು, ಐದು ವರ್ಷದ ಲೆಕ್ಕ

ದೂರಸಂಪರ್ಕ ನೀತಿಯಲ್ಲಿ ಮುಕ್ತ ಮಾರುಕಟ್ಟೆಯ ಪರ ವಾದಿಸುವ ಸಣ್ಣ ಥಿಂಕ್ ಟ್ಯಾಂಕ್‌ಗಳು, ಅಂದರೆ ನೀತಿ ಸಂಶೋಧನಾ ಸಂಸ್ಥೆಗಳು, ವಾಷಿಂಗ್ಟನ್ನಿನಲ್ಲಿವೆ. ಇಂಥ ಸಂಸ್ಥೆಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ಅಮೆರಿಕದ ದೂರಸಂಪರ್ಕ ನಿಯಂತ್ರಣ ಆಯೋಗವಾದ ಎಫ್‌ಸಿಸಿಯ ನಿಯಮಾವಳಿ ಇವರಿಗೆ ಬಾಯಿಪಾಠ. ಆದರೆ ದೇಣಿಗೆ ಸಂಗ್ರಹದ ಯೋಜನೆ ಎಲ್ಲಿ ಎಂದು ಕೇಳಿದರೆ ಒಂದು ಹಾಳೆ ಮುಂದೆ ಬರುತ್ತದೆ. ಅದರಲ್ಲಿ ಮೂರೇ ಹೆಸರು: ಒಂದು ಕೇಬಲ್ ಕಂಪನಿ, ಒಂದು ಮೊಬೈಲ್ ಕಂಪನಿ, ಒಂದು ಉದ್ಯಮ ಸಂಘ. ‘ಇವರು ನಮ್ಮನ್ನು ಕೈಬಿಡುವುದಿಲ್ಲ’ ಎಂಬ ಭರವಸೆ ಬೇರೆ. ಕೈಬಿಡದಿದ್ದರೇ ತೊಂದರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ದತ್ತಿ ಸಂಸ್ಥೆಗೆ ತೆರಿಗೆ ವಿನಾಯಿತಿ ಕೊಡುವ 501(ಸಿ)(3) ಮಾನ್ಯತೆ ಸಿಕ್ಕಿತು, ಇನ್ನೇನು ಚಿಂತೆ ಎಂದುಕೊಳ್ಳುವವರೇ ಹೆಚ್ಚು. ಆ ಮಾನ್ಯತೆಯೊಳಗೆ ಎರಡು ವರ್ಗಗಳಿವೆ: ಸಾರ್ವಜನಿಕ ದತ್ತಿ ಸಂಸ್ಥೆ ಮತ್ತು ಖಾಸಗಿ ಪ್ರತಿಷ್ಠಾನ. ತಾನು ಸಾರ್ವಜನಿಕ ಸಂಸ್ಥೆ ಎಂದು ಸಾಬೀತು ಮಾಡದ ಸಂಸ್ಥೆಯನ್ನು ಕಾನೂನು ಖಾಸಗಿ ಪ್ರತಿಷ್ಠಾನವೆಂದೇ ಎಣಿಸುತ್ತದೆ. ಸಾಬೀತು ಮಾಡುವ ದಾರಿಗಳಲ್ಲಿ ಥಿಂಕ್ ಟ್ಯಾಂಕ್‌ಗಳು ಸಾಮಾನ್ಯವಾಗಿ ಹಿಡಿಯುವುದು ಸಾರ್ವಜನಿಕ ಬೆಂಬಲದ ಪರೀಕ್ಷೆ. ಈ ವರ್ಷವೂ ಸೇರಿ ಐದು ವರ್ಷಗಳಲ್ಲಿ ಬಂದ ಒಟ್ಟು ಬೆಂಬಲದ ಮೂರನೇ ಒಂದು ಪಾಲಾದರೂ ‘ಸಾರ್ವಜನಿಕ’ ಆಗಿರಬೇಕು. ಒಬ್ಬ ದಾನಿ ಎಷ್ಟೇ ಕೊಟ್ಟಿರಲಿ, ಆ ಒಟ್ಟು ಮೊತ್ತದ ಶೇ 2ರವರೆಗೆ ಮಾತ್ರ ಅವನ ಹಣ ಸಾರ್ವಜನಿಕ ಎಂದು ಲೆಕ್ಕಕ್ಕೆ ಬರುತ್ತದೆ. ಈ ಶೇ 2 ಯಾರ ತಲೆಗೂ ಹೋಗುವುದಿಲ್ಲ.

ಐದು ವರ್ಷಗಳಲ್ಲಿ ಒಟ್ಟು 50 ಲಕ್ಷ ಡಾಲರ್ ಬಂದಿದೆ ಎನ್ನಿ. ಮೂವರು ದೊಡ್ಡ ದಾನಿಗಳು ತಲಾ 15 ಲಕ್ಷ ಕೊಟ್ಟಿದ್ದಾರೆ, ಉಳಿದ 5 ಲಕ್ಷ ಸಣ್ಣ ದಾನಿಗಳದು. 50 ಲಕ್ಷದ ಶೇ 2 ಎಂದರೆ 1 ಲಕ್ಷ. ಹಾಗಾಗಿ ದೊಡ್ಡವರ 45 ಲಕ್ಷದಲ್ಲಿ ಎಣಿಕೆಗೆ ಬರುವುದು ಬರೀ 3 ಲಕ್ಷ. ಸಣ್ಣವರ 5 ಲಕ್ಷ ಪೂರ್ತಿ ಬರುತ್ತದೆ. ಕೂಡಿದರೆ 8 ಲಕ್ಷ, ಅಂದರೆ ಶೇ 16. ಬೇಕಾದದ್ದರ ಅರ್ಧವೂ ಆಗಲಿಲ್ಲ.

‘ಸರಿ, ಕೇಬಲ್ ಕಂಪನಿಯವರನ್ನು ಇನ್ನೊಂದು 15 ಲಕ್ಷ ಕೇಳುತ್ತೇವೆ’ ಎನ್ನುತ್ತಾರೆ. ದಯವಿಟ್ಟು ಬೇಡ. ಒಟ್ಟು 65 ಲಕ್ಷಕ್ಕೆ ಏರಿತು, ಶೇ 2 ಈಗ 1 ಲಕ್ಷ 30 ಸಾವಿರ. ಮೂವರದು ಸೇರಿ 3 ಲಕ್ಷ 90 ಸಾವಿರ, ಸಣ್ಣವರ 5 ಲಕ್ಷ ಕೂಡಿಸಿದರೆ 8 ಲಕ್ಷ 90 ಸಾವಿರ. ಶೇ 14ಕ್ಕೂ ಕಡಿಮೆ! ಬ್ಯಾಂಕಿನಲ್ಲಿ ದುಡ್ಡು ಹೆಚ್ಚಾಯಿತು, ಪರೀಕ್ಷೆಯ ಅಂಕ ಇಳಿಯಿತು. ಅದೇ 15 ಲಕ್ಷ ಸಾವಿರ ಜನರಿಂದ ತಲಾ 1,500ರಂತೆ ಬಂದಿದ್ದರೆ ಪೂರ್ತಿ ಎಣಿಕೆಗೆ ಬರುತ್ತಿತ್ತು, ಶೇ 37ರ ಹತ್ತಿರ ನಿಲ್ಲುತ್ತಿದ್ದಿರಿ. ಉದ್ಯಮ ಸಂಘದಲ್ಲಿ ನೂರಾರು ಸದಸ್ಯರಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಸಂಘ ಕೊಟ್ಟರೆ ಅದು ಒಬ್ಬನೇ ದಾನಿ. ಗಂಡ ಹೆಂಡತಿ ಬೇರೆ ಬೇರೆ ಚೆಕ್ಕು ಬರೆದರೂ ಅವರು ಒಬ್ಬ ದಾನಿಯೇ.

ಶೇ 10 ದಾಟಿದವರಿಗೆ ಇನ್ನೊಂದು ಬಾಗಿಲಿದೆ, ಸಂಸ್ಥೆಯ ನಿಜಸ್ಥಿತಿ ನೋಡಿ ತೀರ್ಮಾನಿಸುವ ಪರೀಕ್ಷೆ. ಸಾರ್ವಜನಿಕರಿಂದ ದೇಣಿಗೆ ಕೇಳುವ ಕೆಲಸ ನಿರಂತರವಾಗಿ ನಡೆದಿದೆಯೇ ಎಂದು ಅಲ್ಲಿ ನೋಡುತ್ತಾರೆ. ಮೂರು ಹೆಸರಿನ ಹಾಳೆ ಹಿಡಿದು ಹೋದವರು ಏನು ತೋರಿಸಿಯಾರು? ಅಪರೂಪದ ದೊಡ್ಡ ದೇಣಿಗೆಯನ್ನು ಲೆಕ್ಕದಿಂದ ಹೊರಗಿಡುವ ಅವಕಾಶ ಮುಂತಾದ ವಿನಾಯಿತಿಗಳೂ ಇವೆ. ಯಾರಿಗೆ ಯಾವುದು ಅನ್ವಯಿಸುತ್ತದೆ ಎಂದು ಅವರವರ ಪುಸ್ತಕ ನೋಡದೆ ನಾನು ಹೇಳಲಾರೆ.

ಸತತ ಎರಡು ವರ್ಷ ಸೋತರೆ ಸಂಸ್ಥೆ ಖಾಸಗಿ ಪ್ರತಿಷ್ಠಾನವಾಗುತ್ತದೆ. ಹೂಡಿಕೆಯ ಆದಾಯದ ಮೇಲೆ ಶೇ 1.39 ತೆರಿಗೆ ಬೀಳುತ್ತದೆ, ಅನುದಾನ ಕೊಡುತ್ತಿದ್ದ ಪ್ರತಿಷ್ಠಾನಗಳು ಹೆಚ್ಚಿನ ಉಸ್ತುವಾರಿಯ ಹೊರೆಗೆ ಹೆದರಿ ಹಿಂದೆ ಸರಿಯುತ್ತವೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ದಾನಿಗಳ ಹೆಸರು ಗುಟ್ಟಾಗಿರಬೇಕೆಂಬುದು ಈ ವಲಯದಲ್ಲಿ ಎಲ್ಲರ ಆಸೆ. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ದತ್ತಿ ಸಂಸ್ಥೆಗಳೆಲ್ಲ ದೊಡ್ಡ ದಾನಿಗಳ ಹೆಸರು ಒಪ್ಪಿಸಬೇಕೆಂಬ ಕ್ಯಾಲಿಫೋರ್ನಿಯಾದ ನಿಯಮವನ್ನು ರದ್ದು ಮಾಡಿದಾಗ ನನ್ನ ಕಕ್ಷಿದಾರರು ಹಬ್ಬ ಮಾಡಿದ್ದರು. ಸಾರ್ವಜನಿಕ ದತ್ತಿ ಸಂಸ್ಥೆಯ ವಾರ್ಷಿಕ ತೆರಿಗೆ ವರದಿಯಾದ ಫಾರ್ಮ್ 990 ಯಾರು ಬೇಕಾದರೂ ನೋಡಬಹುದು, ಆದರೆ ದಾನಿಗಳ ಹೆಸರು ಮುಚ್ಚಿರುತ್ತದೆ. ಖಾಸಗಿ ಪ್ರತಿಷ್ಠಾನಕ್ಕೆ ಆ ರಕ್ಷಣೆಯಿಲ್ಲ. ಯಾರ ಹೆಸರು ಕಾಪಾಡಲು ಹೊರಟರೋ ಅವರ ಹೆಸರೇ ಬಯಲಿಗೆ ಬರುತ್ತದೆ.

ಲೆಕ್ಕದ ಮಾತು ಬದಿಗಿಡೋಣ. ಹಳ್ಳಿಗಾಡಿಗೂ ಬಡವರಿಗೂ ದೂರಸಂಪರ್ಕ ತಲುಪಿಸಲು ಸಬ್ಸಿಡಿ ಕೊಡುವ ಎಫ್‌ಸಿಸಿಯ ಸಾರ್ವತ್ರಿಕ ಸೇವಾ ನಿಧಿಗಾಗಿ ಕಂಪನಿಗಳು ತಮ್ಮ ಅಂತರರಾಜ್ಯ ಕರೆಗಳ ಆದಾಯದ ಮೇಲೆ ಕಟ್ಟುವ ದರ ಈಚಿನ ವರ್ಷಗಳಲ್ಲಿ ಶೇ 30 ದಾಟಿದೆ, ಕೊನೆಗೆ ಅದು ಗ್ರಾಹಕರ ಬಿಲ್ಲಿಗೇ ಸೇರುತ್ತದೆ. ನಾನು ಬಲ್ಲ ಒಂದು ಸಂಸ್ಥೆಯ ಹುಡುಗಿಯೊಬ್ಬಳು ಈ ನಿಧಿಯ ಸಬ್ಸಿಡಿ ಯಾರ ಜೇಬಿಗೆ ಹೋಗುತ್ತದೆ ಎಂದು ಸೊಗಸಾದ ಪ್ರಬಂಧ ಬರೆದಳು. ಮುಕ್ತ ಮಾರುಕಟ್ಟೆಯ ಸಂಸ್ಥೆ ಬರೆಯಲೇಬೇಕಾದದ್ದು. ಅವರ ಮುಖ್ಯ ದಾನಿಯೊಬ್ಬರು ಅದೇ ಸಬ್ಸಿಡಿ ಪಡೆಯುವವರು. ದಾನಿ ಒಂದು ಮಾತೂ ಆಡಲಿಲ್ಲ. ನಿರ್ದೇಶಕರೇ ಮುಂದಿನ ತಿಂಗಳು ನೋಡೋಣ, ಮುಂದಿನ ತಿಂಗಳು ನೋಡೋಣ ಎಂದು ಪ್ರಬಂಧವನ್ನು ಮೂಲೆಗೆ ತಳ್ಳಿದರು. ಅವರು ಕೆಟ್ಟವರಲ್ಲ, ಹತ್ತು ಜನರ ಸಂಬಳದ ಚಿಂತೆ ಅವರದು. ಆ ಹುಡುಗಿ ಕೆಲಸ ಬಿಟ್ಟಳು. ನನಗೆ ಇವತ್ತಿಗೂ ಅದರ ಬೇಸರವಿದೆ.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲಿ ತರಂಗಾಂತರಗಳನ್ನು ಹಂಚಿ ಕೊಡುವ ಬದಲು ಮಾರಬೇಕೆಂದು ವಾದಿಸಿದಾಗ, ಇದೆಲ್ಲ ದೊಡ್ಡ ತಮಾಷೆಯೇ ಎಂದು ಆಯೋಗದ ಸದಸ್ಯರೊಬ್ಬರು ಅವರನ್ನು ಕೇಳಿದ್ದರು. ಎಫ್‌ಸಿಸಿಯ ಮೊದಲ ಹರಾಜು ನಡೆದದ್ದು 1994ರ ಜುಲೈನಲ್ಲಿ. ತರಂಗಾಂತರ ಪುಕ್ಕಟೆ ಪಡೆದಿದ್ದ ಪ್ರಸಾರ ಕಂಪನಿಗಳ ಹಣದಲ್ಲಿ ಬದುಕುವ ಸಂಸ್ಥೆಯಿಂದ ಆ ವಾದ ಹುಟ್ಟುತ್ತಿತ್ತೇ? ಮಾರುಕಟ್ಟೆಯ ಪರ ಇರುವುದು ಬೇರೆ, ಈಗಾಗಲೇ ಮಾರುಕಟ್ಟೆಯಲ್ಲಿ ಕುಳಿತವರ ಪರ ಇರುವುದು ಬೇರೆ. ಈ ವ್ಯತ್ಯಾಸ ಬಲ್ಲ ಜನ ಊರೂರಲ್ಲಿ ಇದ್ದಾರೆ: ನಿವೃತ್ತ ರೇಡಿಯೋ ಎಂಜಿನಿಯರುಗಳು, ಹಳ್ಳಿಗಾಡಿಗೆ ವೈರ್‌ಲೆಸ್ ಇಂಟರ್‌ನೆಟ್ ಕೊಡುವ ಸಣ್ಣ ಉದ್ಯಮಿಗಳು, ಅರ್ಥಶಾಸ್ತ್ರದ ಮೇಷ್ಟ್ರುಗಳು. ಅವರಿಗೆ ‘ಸ್ವಾತಂತ್ರ್ಯ ಉಳಿಸಿ’ ಎಂಬ ಪತ್ರ ಬೇಡ. ಎಫ್‌ಸಿಸಿಯ ಮುಂದಿರುವ ಯಾವುದಾದರೂ ಒಂದು ಪ್ರಸ್ತಾವ ಹಿಡಿದು, ಅದಕ್ಕೆ ನೀವು ಸಲ್ಲಿಸಿದ ಅಭಿಪ್ರಾಯವನ್ನು ಎರಡು ಪುಟದಲ್ಲಿ ವಿವರಿಸಿ ಬರೆಯಿರಿ. ಇನ್ನೂರು ಡಾಲರ್ ಚೆಕ್ಕಿನ ಜೊತೆ ನಾಲ್ಕು ತಕರಾರು ಬರೆದು ಕಳಿಸುವ ದಾನಿಗಳನ್ನು ಕಂಡಿದ್ದೇನೆ, ಅವರು ಸುಲಭಕ್ಕೆ ಬಿಟ್ಟುಹೋಗುವವರಲ್ಲ. 2026ರಿಂದ ತೆರಿಗೆ ನಿಯಮವೂ ಅವರ ಕಡೆಗೆ ವಾಲಿದೆ. ಖರ್ಚು ಪಟ್ಟಿ ಮಾಡಿ ತೋರಿಸದ ಸಾಮಾನ್ಯ ತೆರಿಗೆದಾರರಿಗೂ 1,000 ಡಾಲರ್‌ವರೆಗಿನ ನಗದು ದೇಣಿಗೆಗೆ, ದಂಪತಿಗಳಾದರೆ 2,000ದವರೆಗೆ, ಕಡಿತ ಸಿಗುತ್ತದೆ. ಕಂಪನಿಗಳಿಗಾದರೋ ತೆರಿಗೆಗೆ ಒಳಪಡುವ ಆದಾಯದ ಶೇ 1 ಮೀರಿದ ದೇಣಿಗೆಗೆ ಮಾತ್ರ.

ಹೊಸ ಸಂಸ್ಥೆಗಳಿಗೆ ಒಂದು ಮಾತು. ಮೊದಲ ಐದು ವರ್ಷ ಈ ಪರೀಕ್ಷೆಯಲ್ಲಿ ನಿಮ್ಮನ್ನು ಫೇಲು ಮಾಡುವುದಿಲ್ಲ, ಅದಕ್ಕೇ ಎಲ್ಲರೂ ನನ್ನ ಬಳಿ ಬರುವುದು ಆರನೆಯ ವರ್ಷ. ಆರನೆಯ ವರ್ಷದ ಲೆಕ್ಕಕ್ಕೆ ಎರಡನೆಯ ವರ್ಷದಿಂದ ಬಂದ ಚೆಕ್ಕುಗಳೆಲ್ಲ ಸೇರುತ್ತವೆ. ಎರಡನೆಯ ವರ್ಷದಲ್ಲಿರುವವರು ಈಗಲೇ ಬನ್ನಿ.