ಅತಿಥಿ ಎದ್ದು ಹೋಗುತ್ತಾನೆ, ಬೀರು ಹೋಗೋದಿಲ್ಲ

ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ನೋಡಿದ್ದೀರಾ? ಎತ್ತರದ ಗೋಪುರವಿರುವ ಆ ಕಲ್ಲಿನ ಕಟ್ಟಡ ಒಂದು ಕಾಲಕ್ಕೆ ಬಾಂಬೆ ಗವರ್ನರ್ ಮಳೆಗಾಲ ಕಳೆಯುತ್ತಿದ್ದ ಮನೆ. 1864ರಲ್ಲಿ ಕೆಲಸ ಶುರುವಾಗಿ 1871ರಲ್ಲಿ ಮುಗಿಯಿತು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾಯಿತೆಂದು 1897ರ ಜೂನ್ 22ರ ರಾತ್ರಿ ಔತಣ ನಡೆದದ್ದು ಇಲ್ಲೇ. ಅಲ್ಲಿಂದ ಹೊರಟ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಗಣೇಶಖಿಂಡ್ ರಸ್ತೆಯಲ್ಲಿ. 1949ರಲ್ಲಿ ವಿಶ್ವವಿದ್ಯಾಲಯ ಶುರುವಾದಾಗ ಈ ಮನೆ ಅದರ ಪಾಲಿಗೆ ಬಂತು.

ಹಳೆ ಕಟ್ಟಡಗಳ ದುರಸ್ತಿ ನನ್ನ ಕಸುಬು. ಇಂಥ ಬಂಗಲೆಗಳು ಕಾಲೇಜು, ಕಚೇರಿ ಆದಾಗ ಎಲ್ಲರೂ ಗೋಡೆ ನೋಡುತ್ತಾರೆ. ನಾನು ಮೊದಲು ಕೇಳುವುದು, 'ಮಹಡಿ ಮೇಲೆ ಏನಿಟ್ಟಿದ್ದೀರಿ?'

ನಮ್ಮ ಕಟ್ಟಡ ನಿಯಮಗಳಲ್ಲಿ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಲೆಕ್ಕ ಹಿಡಿಯುತ್ತೇವೆ. ಪುಸ್ತಕದ ಕಪಾಟು ತುಂಬಿದ ಕೋಣೆಗೆ ಕನಿಷ್ಠ 600. ಅಂದರೆ ಮಲಗುವ ಕೋಣೆಯಲ್ಲಿ ಗ್ರಂಥಾಲಯ ಮಾಡಿದರೆ ಮೂರು ಪಟ್ಟು. ಔತಣದ ದಿನ ಜನ ಕಿಕ್ಕಿರಿದಾಗಲೂ ಭಾರ ಜಾಸ್ತಿಯೇ, ಅಲ್ವಾ? ಹೌದು. ಆದರೆ ಅತಿಥಿಗಳು ರಾತ್ರಿ ಎದ್ದು ಹೋಗುತ್ತಾರೆ. ಬೀರು ವರ್ಷಾನುಗಟ್ಟಲೆ ಅಲ್ಲೇ ನಿಂತಿರುತ್ತದೆ. ಇಂಥ ಮಹಡಿಗಳನ್ನು ಹೊರುವ ಮರದ ತೊಲೆಗೆ ಆಗದೇ ಇರುವುದು ಇದೇ. ಸ್ವಲ್ಪ ಹೊತ್ತು ಹೊತ್ತ ಭಾರ ಇಳಿದರೆ ತೊಲೆ ಮತ್ತೆ ನೆಟ್ಟಗಾಗುತ್ತದೆ. ಸದಾ ಹೊತ್ತಿದ್ದರೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ, ಭಾರ ಇಳಿಸಿದರೂ ಪೂರ್ತಿ ಮೇಲೇಳುವುದಿಲ್ಲ. ಮಳೆ ನೀರು ಸೋರಿ ಮರ ತೇವವಾಗಿದ್ದರೆ ಇನ್ನೂ ಬೇಗ.

ಗೋಡೆಯ ಕಥೆ ಚಿಕ್ಕದು. ಸುಣ್ಣದ ಗಾರೆಯ ಗೋಡೆಗೆ ಸುಮ್ನೆ ಸಿಮೆಂಟ್ ಬಳಿಯಬೇಡಿ. ಒಳಗಿನ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ.

ಒಂದು ಹಳೆ ಬಂಗಲೆಯ ದಾಖಲೆ ಕೋಣೆಗೆ ನನ್ನನ್ನು ಕರೆದಿದ್ದರು. ಕಬ್ಬಿಣದ ಬೀರುಗಳು ಮುಂದಕ್ಕೆ ವಾಲುತ್ತವೆ ಎಂದು ಗುಮಾಸ್ತರು ಕಾಲಡಿಗೆ ಮರದ ಚಕ್ಕೆ ಇಡುತ್ತಿದ್ದರು. ಒಂದು ಕಾಲಿನಡಿ ನಾಲ್ಕು ಚಕ್ಕೆ ಎಣಿಸಿದೆ. ವಾಲಿದ್ದು ಬೀರು ಅಲ್ಲ, ನೆಲ.

ಆ ಬೀರುಗಳನ್ನು ಕೆಳಗಿನ ಕೋಣೆಗೆ ಇಳಿಸಿದೆವು. ಖರ್ಚು ಆಳುಗಳ ಕೂಲಿ ಅಷ್ಟೇ. ಬಾಗಿದ ತೊಲೆಯನ್ನು ಜಾಕ್ ಕೊಟ್ಟು ಎತ್ತಿದರೆ ಗಾರೆಯ ಚಾವಣಿ ಬಿರಿಯುತ್ತಿತ್ತು. ಹಾಗೇ ಬಿಟ್ಟಿದ್ದೇವೆ. ಈಗ ಅಲ್ಲಿ ನಾಲ್ಕು ಮೇಜು, ಎಂಟು ಕುರ್ಚಿ.