ರಾಕೆಟ್ ಹೊಟ್ಟೆಯ ಕಿಟ್ಟ

ಉರಿದು ಮುಗಿದ ಪರೀಕ್ಷಾ ರಾಕೆಟ್ ಮೋಟಾರನ್ನು ಬಿಚ್ಚಿದಾಗ ನಾನು ಮೊದಲು ಟಾರ್ಚ್ ಬಿಡುವುದು ನಾಝಲ್, ಅಂದರೆ ಬಿಸಿ ಅನಿಲ ಹೊರಹೋಗುವ ಬಾಯಿಯ ಸುತ್ತಲಿನ ಸಂದಿಗೆ. ಅಲ್ಲಿ ಬೂದು ಬಣ್ಣದ ಹೆಪ್ಪು ಕಚ್ಚಿಕೊಂಡಿರುತ್ತದೆ. ತಟ್ಟಿದರೆ ಕಲ್ಲಿನ ಸದ್ದು. ಒಡೆದರೆ ಒಳಗೆ ಅಲ್ಲಲ್ಲಿ ಬೆಳ್ಳಿಯ ಹೊಳಪು. ಅದು ಉರಿಯದೇ ಉಳಿದ ಅಲ್ಯೂಮಿನಿಯಂ. ಈ ಹೆಪ್ಪನ್ನು ನಾವು ಸ್ಲ್ಯಾಗ್ ಅಂತೀವಿ. ಕುಲುಮೆ ಕಂಡವರಿಗೆ ಕಿಟ್ಟ ಅಂದರೆ ಸಾಕು.

ಘನ ಇಂಧನಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸುವುದು ಅದು ಕೊಡುವ ಶಾಖಕ್ಕಾಗಿ. 1950ರ ದಶಕದಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಸರ್ಚ್ ಕಂಪನಿಯ ಕೀತ್ ರಂಬೆಲ್ ಮತ್ತು ಚಾರ್ಲ್ಸ್ ಹೆಂಡರ್ಸನ್ ಈ ಪುಡಿಯನ್ನು ಧಾರಾಳವಾಗಿ ಹಾಕಿದರೆ ನೂಕುಬಲ ಎಷ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಆದರೆ ಉರಿದ ಅಲ್ಯೂಮಿನಿಯಂ ಅನಿಲವಾಗುವುದಿಲ್ಲ, ಆಮ್ಲಜನಕದ ಜೊತೆ ಸೇರಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಆಗುತ್ತದೆ. ಒಂದು ಕೆಜಿ ಲೋಹದಿಂದ ಸುಮಾರು 1.9 ಕೆಜಿ ಅಲ್ಯೂಮಿನಾ. ಸ್ಪೇಸ್ ಶಟಲ್‌ನ ಒಂದು ಬೂಸ್ಟರ್‌ನಲ್ಲಿ (ಮೇಲೇಳಲು ನೂಕುವ ಪಕ್ಕದ ರಾಕೆಟ್) ಸುಮಾರು 500 ಟನ್ ಇಂಧನ, ಅದರಲ್ಲಿ 16% ಅಲ್ಯೂಮಿನಿಯಂ. ಲೆಕ್ಕ ಹಾಕಿ: 150 ಟನ್ ಅಲ್ಯೂಮಿನಾ! ಶ್ರೀಹರಿಕೋಟಾದಿಂದ ಏಳುವ ನಮ್ಮ ಇಸ್ರೋದ ಎಲ್‌ವಿಎಂ3 ರಾಕೆಟ್‌ನ ಎಸ್200 ಬೂಸ್ಟರ್‌ಗಳು ಬಿಡುವ ದಟ್ಟ ಬಿಳಿ ಹೊಗೆಯಲ್ಲೂ ಇದರ ಪಾಲು ದೊಡ್ಡದು.

ಅನಿಲವಾದರೆ ನಾಝಲ್‌ನಲ್ಲಿ ಹಿಗ್ಗಿ ತಾನೇ ವೇಗ ಪಡೆಯುತ್ತದೆ. ಆ ಬಿಸಿಗೆ ಕರಗಿ ಹನಿಯಾಗಿರುವ ಅಲ್ಯೂಮಿನಾ ಹಿಗ್ಗುವುದಿಲ್ಲ. ಅನಿಲವೇ ಅದನ್ನು ಎಳೆದುಕೊಂಡು ಹೋಗಬೇಕು. ಹನಿ ಚಿಕ್ಕದಿದ್ದರೆ ಜೊತೆಗೇ ಓಡುತ್ತದೆ. ದೊಡ್ಡದಾದರೆ ಹಿಂದೆ ಬೀಳುತ್ತದೆ, ತನ್ನ ಶಾಖವನ್ನೂ ಕೊಡದೆ ಹೊತ್ತುಕೊಂಡೇ ಆಚೆ ಹೋಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ಎಷ್ಟು ಹಾಕಿದಿರಿ ಅನ್ನುವುದಷ್ಟೇ ಮುಖ್ಯವಲ್ಲ, ಹನಿ ಎಷ್ಟು ದಪ್ಪ ಆಯಿತು ಅನ್ನುವುದೂ ಅಷ್ಟೇ ಮುಖ್ಯ.

ಹನಿ ದಪ್ಪವಾಗುವುದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡಬೇಕು. ಅಲ್ಯೂಮಿನಿಯಂ ಪುಡಿಯ ಪ್ರತಿ ಕಣಕ್ಕೂ ತೆಳುವಾದ ಆಕ್ಸೈಡ್ ಸಿಪ್ಪೆ ಇರುತ್ತದೆ. ಒಳಗಿನ ಲೋಹ 660 ಡಿಗ್ರಿಗೇ ಕರಗುತ್ತದೆ, ಸಿಪ್ಪೆ ಕರಗಲು 2,000 ಡಿಗ್ರಿ ದಾಟಬೇಕು. ಹೀಗಾಗಿ ಕಣಕ್ಕೆ ಬೇಗ ಬೆಂಕಿ ಹತ್ತುವುದಿಲ್ಲ. ಉರಿಯುವ ಮೇಲ್ಮೈಯಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಪಕ್ಕದ ಕಣ ಬಂದು ಸೇರುತ್ತದೆ, ಮತ್ತೊಂದು, ಮತ್ತೊಂದು. ಆಮೇಲೆ ಇಡೀ ಗುಂಪು ಹೊತ್ತಿಕೊಂಡು ಒಂದೇ ಹನಿಯಾಗಿ ಉರುಟಾಗುತ್ತದೆ, ಮೇಲೇಳುತ್ತದೆ. ಅಲ್ಯೂಮಿನಿಯಂ ಆವಿ ಉರಿದು ಬರುವ ಹೊಗೆಯ ಕಣ ಒಂದೆರಡು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಇಂಥ ಗುಂಪು ಹನಿ ನೂರಾರು ಮೈಕ್ರಾನ್ ಕೂಡ ಆಗಬಹುದು.

ಈ ದಪ್ಪ ಹನಿಗಳೇ ಅನಿಲದ ಜೊತೆ ತಿರುಗಲಾರದೆ ಸಂದಿಗೆ ಬಿದ್ದು ಹೊಂಡವಾಗುತ್ತವೆ. ನಾಝಲ್ ಮೋಟಾರಿನ ಒಳಕ್ಕೆ ಚಾಚಿಕೊಂಡಿದ್ದರೆ ಅದರ ಸುತ್ತ ಒಂದು ಬಾಣಲೆಯೇ ಆಯಿತು ಅಲ್ವಾ? ಅಲ್ಲೇ ಉಳಿದ ಕಿಟ್ಟ ಸುಮ್ನೆ ಹೊರೆ. ಅದರ ಬಿಸಿ ಒಳಗೋಡೆಯ ಶಾಖ ತಡೆಯುವ ಪದರವನ್ನು ತಿನ್ನುತ್ತದೆ. ದಿಕ್ಕು ಬದಲಿಸಲು ನಾಝಲ್ ವಾಲಿದಾಗ ಕಿಟ್ಟ ತುಳುಕಿ ನಾಝಲ್‌ನ ಕಿರಿದಾದ ಗಂಟಲಿನಿಂದ ಹೊರಬಿದ್ದರೆ, ಆ ಕ್ಷಣ ದಾರಿ ಕಿರಿದಾಗಿ ಒತ್ತಡ ಜಿಗಿಯುತ್ತದೆ. 1993ರ ಜನವರಿಯ ಎಸ್‌ಟಿಎಸ್-54 ಹಾರಾಟದಲ್ಲಿ ಶಟಲ್ ಬೂಸ್ಟರ್‌ನ ಒತ್ತಡ ಹೀಗೇ ಜಿಗಿದಾಗ ಎಂಜಿನಿಯರ್‌ಗಳು ಕಿಟ್ಟದ ಕಡೆಯೇ ಬೊಟ್ಟು ಮಾಡಿದರು.

ಹಾಗಂತ ಅಲ್ಯೂಮಿನಾವನ್ನು ಬೈದು ಮುಗಿಸುವಂತಿಲ್ಲ. ಸಣ್ಣ ಹನಿಗಳು ಒಳಗಿನ ಒತ್ತಡದ ಅಲೆಗಳ ಶಕ್ತಿಯನ್ನು ಹೀರುತ್ತವೆ. ಎಷ್ಟೋ ಮೋಟಾರ್‌ಗಳು ಕಿರುಚಾಡದೆ ಉರಿಯುವುದು ಇವುಗಳಿಂದಲೇ. ಆದರೆ ದೊಡ್ಡ ಬೂಸ್ಟರ್‌ಗಳ ನಿಧಾನ ಕಂಪನಕ್ಕೆ ಒಂದೆರಡು ಮೈಕ್ರಾನ್‌ನ ಹನಿ ಸಾಲದು.

ಹನಿಯ ಗಾತ್ರ ಬಹುಪಾಲು ನಿರ್ಧಾರವಾಗುವುದು ಮಿಶ್ರಣ ಕಲಸುವಾಗಲೇ. ಜಲ್ಲಿಯ ಸಂದಿನಲ್ಲಿ ಮರಳು ಸೇರುವ ಹಾಗೆ, ಉರಿಯಲು ಆಮ್ಲಜನಕ ಕೊಡುವ ಅಮೋನಿಯಂ ಪರ್ಕ್ಲೋರೇಟ್‌ನ ದಪ್ಪ ಹರಳುಗಳ ನಡುವೆ ಲೋಹದ ಪುಡಿ ಸೇರುತ್ತದೆ. ಹರಳು ದಪ್ಪವಾದಷ್ಟೂ ಸಂದು ದೊಡ್ಡದು, ಹನಿಯೂ ದೊಡ್ಡದು. ಮೈಕ್ರಾನ್‌ಗಿಂತಲೂ ತೀರಾ ಸಣ್ಣ ಕಣಗಳ ನ್ಯಾನೋ ಪುಡಿ ಬೇಗ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ಅದರ ತೂಕದಲ್ಲಿ ಸಿಪ್ಪೆಯ ಪಾಲು ದಪ್ಪ ಪುಡಿಗಿಂತ ಜಾಸ್ತಿ, ಮಿಶ್ರಣವೂ ಸುರಿಯಲಾಗದಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಹೊಸ ಮಿಶ್ರಣದ ಕಡತ ಬಂದಾಗ ನೂಕುಬಲದ ಪುಟಕ್ಕಿಂತ ಮೊದಲು ಹರಳಿನ ಗಾತ್ರದ ಪುಟ ತೆಗೆಯುತ್ತೇನೆ.